ತೊಂಬತ್ತು ದಿನ ಕಾಣದವರು

ಇಷ್ಟಕ್ಕೆಲ್ಲ ಮೂಲ ಒಂದು ಹುಟ್ಟುಹಬ್ಬ. ನೀರು ಸರಬರಾಜು ಕಚೇರಿಯ ಕಂಪ್ಯೂಟರು ಸಿಬ್ಬಂದಿಯ ಹುಟ್ಟಿದ ದಿನಗಳನ್ನು ಅವರವರ ಗಂಡ ಹೆಂಡಿರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡು, ಬೆಳಗಾಗುತ್ತಲೇ ಎಲ್ಲರಿಗೂ ಮೇಲ್ ಕಳಿಸುತ್ತಿತ್ತು. ಆ ಸೋಮವಾರ ‘ಇಂದು ನಮ್ಮ ಕ್ಯಾಷಿಯರ್ ಅವರ ಜನ್ಮದಿನ’ ಎಂದಿತು. ಯಾವ ಮೇಲನ್ನೂ ಪೂರ್ತಿ ಓದದ ಮ್ಯಾನೇಜರು ‘ನೂರು ಕಾಲ ಬಾಳಿ! ಪಾರ್ಟಿ ಯಾವಾಗ?’ ಎಂದು ಬರೆದು, ಮೇಲಿನ ಕಚೇರಿಯವರೂ ಸೇರಿದಂತೆ ಎಲ್ಲರಿಗೂ ಕಳಿಸಿಬಿಟ್ಟರು. ಆ ಕ್ಯಾಷಿಯರ್ ತೀರಿಕೊಂಡು ಮೂರು ವರ್ಷವಾಗಿತ್ತು. ಸಂತಾಪ ಸಭೆಯಲ್ಲಿ ಎಲ್ಲರಿಗಿಂತ ಉದ್ದದ ಭಾಷಣ ಮಾಡಿದ್ದವರೂ ಇದೇ ಮ್ಯಾನೇಜರು.

ಹತ್ತು ಗಂಟೆಗೆ ಡೈರೆಕ್ಟರಿಯಪ್ಪನಿಗೆ ಕರೆ ಬಂತು.

ಡೈರೆಕ್ಟರಿಯಪ್ಪ ಎನ್ನುವುದು ವಾಚ್‌ಮನ್ ಇಟ್ಟ ಅಡ್ಡಹೆಸರು. ಕಚೇರಿಯ ಕಂಪ್ಯೂಟರುಗಳಲ್ಲಿ ಡೈರೆಕ್ಟರಿ ಎಂಬ ಒಂದು ಮರ ಇತ್ತು. ಒಂದೊಂದು ವಿಭಾಗಕ್ಕೆ ಒಂದೊಂದು ಕೊಂಬೆ, ಒಬ್ಬೊಬ್ಬ ನೌಕರನಿಗೆ ಒಂದೊಂದು ಎಲೆ. ಎಲೆ ಇದ್ದರೆ ಮುಂಬಾಗಿಲು ನಿಮ್ಮ ಕಾರ್ಡಿಗೆ ತೆರೆಯುತ್ತದೆ, ಕಂಪ್ಯೂಟರು ಒಳಗೆ ಬಿಡುತ್ತದೆ, ಹಾಜರಿ ಬೀಳುತ್ತದೆ. ಎಲೆ ಇಲ್ಲದಿದ್ದರೆ ನೀವು ಹುಟ್ಟೇ ಇಲ್ಲ. ಎಲೆ ಅಂಟಿಸುವವನೂ ಕೀಳುವವನೂ ಇವನೊಬ್ಬನೇ. ಬೆಳಿಗ್ಗೆ ಬಂದು ‘ಅಡ್ಮಿನ್’ ಎಂದು ಟೈಪ್ ಮಾಡಿ ಒಳಹೊಕ್ಕರೆ ಅವನ ಕತ್ತು ಎರಡಂಗುಲ ಉದ್ದವಾಗುತ್ತಿತ್ತು. ಎಲ್ಲರಂತೆ ಸ್ವಂತ ಹೆಸರಿನಲ್ಲಿ ಒಳಹೋಗುವುದು ಅವನ ಅಂತಸ್ತಿಗೆ ಕಡಿಮೆ. ಆ ಪಾಸ್‌ವರ್ಡು ಅವನಿಗೆ ಮರೆತೇ ಹೋಗಿತ್ತು.

“ಏನ್ರೀ ಇದು, ಸತ್ತವರಿಗೆಲ್ಲ ನನ್ನ ಕೈಲಿ ಆಶೀರ್ವಾದ ಮಾಡಿಸ್ತೀರಲ್ರೀ!” ಎಂದು ಮ್ಯಾನೇಜರು ಮೇಜು ಕುಟ್ಟಿದರು. “ತೊಂಬತ್ತು ದಿನದಿಂದ ಕಂಪ್ಯೂಟರ್ ಮುಟ್ಟದೇ ಇರೋರ್ನೆಲ್ಲ ಇವತ್ತೇ ಕಿತ್ತುಹಾಕಿ. ಸಾಯಂಕಾಲ ನಾಲ್ಕಕ್ಕೆ ನಿಮ್ಮ ಪ್ರಮೋಷನ್ ಫಾರಂ ತುಂಬ್ಬೇಕು. ಅಷ್ಟರೊಳಗೆ ಗುಡಿಸಿ ಸಾರಿಸಿದ ಹಾಗಿರ್ಬೇಕು.”

ಪ್ರಮೋಷನ್! ವಿಭಾಗದ ಮುಖ್ಯಸ್ಥನ ಪದವಿಗೆ ಹತ್ತು ವರ್ಷದ ಮುರಿಯದ ಸೇವೆ ಬೇಕು. ಅವನಿಗೆ ಹನ್ನೊಂದು ತುಂಬಿ ಎಂಟು ತಿಂಗಳಾಗಿತ್ತು. ಆ ಪದವಿಯ ಜೊತೆಗೆ ಕೈ ಇರುವ, ತಿರುಗುವ, ಹಿಂದಕ್ಕೆ ವಾಲುವ ಕುರ್ಚಿ ಬರುತ್ತಿತ್ತು. ಅದು ಪ್ಲಾಸ್ಟಿಕ್ ಹೊದಿಕೆಯ ಸಮೇತ ಆಗಲೇ ಬಂದು ಮೂಲೆಯಲ್ಲಿ ನಿಂತಿತ್ತು. ಹೆಂಡತಿ ಅಕ್ಕಪಕ್ಕದ ಮೂರು ಮನೆಗೆ ಸುದ್ದಿ ಮುಟ್ಟಿಸಿಯೂ ಆಗಿತ್ತು.

ಸೀಟಿಗೆ ಬಂದು ಕೂತವನೇ ತೊಂಬತ್ತು ದಿನ ಕಾಣದವರ ಪಟ್ಟಿ ತೆಗೆದ. ನೂರ ನಲವತ್ತೆರಡು ಹೆಸರು. ಪಕ್ಕದಲ್ಲಿ ಭಾಮೈದ ಕೂತಿದ್ದ. ಹೆಂಡತಿಯ ಕಾಟ ತಡೆಯಲಾರದೆ ಮೊನ್ನೆ ಶುಕ್ರವಾರವಷ್ಟೇ ಕೆಲಸಕ್ಕೆ ಸೇರಿಸಿಕೊಂಡಿದ್ದ ಹುಡುಗ.

“ಭಾವ, ಒಂದ್ಸಲ ಹೆಸರುಗಳನ್ನ ಓದಿ ನೋಡೋಣ್ವಾ?” ಎಂದ ಭಾಮೈದ.

“ನೀನು ಕೆಲಸಕ್ಕೆ ಸೇರಿ ಎಷ್ಟು ದಿನ ಆಯ್ತೋ?”

“ಮೂರು ದಿನ. ಅದರಲ್ಲಿ ಎರಡು ರಜ.”

“ಹಂಗಾದ್ರೆ ಬಾಯ್ಮುಚ್ಕೊಂಡು ನೋಡು. ಮಿಷಿನ್ ಲೆಕ್ಕ ತಪ್ಪಲ್ಲ.” ‘ಅಳಿಸು’ ಒತ್ತಿದ. ‘ಖಂಡಿತವಾಗಿಯೂ?’ ಎಂದಿತು ಯಂತ್ರ. ‘ಹೌದು’ ಒತ್ತಿದ. ಅಳಿಸಿದ್ದೆಲ್ಲ ಬುಟ್ಟಿಯಲ್ಲಿ ಬಿದ್ದಿತ್ತು. ಬೇಕಾದರೆ ಎತ್ತಿಕೊಳ್ಳಬಹುದಿತ್ತು. ಗುಡಿಸಿ ಸಾರಿಸಬೇಕೆಂದು ಅಪ್ಪಣೆಯಾಗಿದೆಯಲ್ಲ, ಬುಟ್ಟಿಯನ್ನೂ ಖಾಲಿ ಮಾಡಿ ಲಟಿಕೆ ಮುರಿದ.

ಹನ್ನೊಂದಕ್ಕೆ ಮುಂಬಾಗಿಲಲ್ಲಿ ದಬದಬ ಸದ್ದು. ಟೀ ಕುಡಿಯಲು ಹೋಗಿದ್ದ ವಾಚ್‌ಮನ್ ಗಾಜಿನ ಆಚೆ ನಿಂತು ಕಾರ್ಡು ಉಜ್ಜಿ ಉಜ್ಜಿ ಸೋತಿದ್ದ. ಬಾಗಿಲು ಕಾಯುವವನು ಕಂಪ್ಯೂಟರು ಯಾಕೆ ಮುಟ್ಟುತ್ತಾನೆ? ಅವನ ಎಲೆಯೂ ಉದುರಿತ್ತು.

“ಇಪ್ಪತ್ತು ವರ್ಷದಿಂದ ಈ ಬಾಗಿಲು ಕಾಯ್ತಿದೀನಿ ಸ್ವಾಮಿ, ಈಗ ಬಾಗಿಲೇ ನನ್ನನ್ನ ಯಾರು ನೀನು ಅಂತಿದೆ!”

“ಬೊಬ್ಬೆ ಹಾಕ್ಬೇಡಪ್ಪ, ಹೊಸದಾಗಿ ಸೇರಿಸ್ತೀನಿ,” ಎಂದು ಡೈರೆಕ್ಟರಿಯಪ್ಪ ಅವನಿಗೆ ಹೊಸ ಎಲೆ ಅಂಟಿಸಿದ. ಬಾಗಿಲು ತೆರೆಯಿತು. ವಾಚ್‌ಮನ್ ಗೊಣಗುತ್ತ ಒಳಬಂದ.

ಅವನ ಹಿಂದೆಯೇ ಟೈಪಿಸ್ಟ್ ಬಂದಳು. ಆರು ತಿಂಗಳ ಬಾಣಂತನದ ರಜೆ ಮುಗಿಸಿ ಅಂದೇ ಕೆಲಸಕ್ಕೆ ಹಾಜರಾದವಳು. ಅವಳಿಗೂ ಹನ್ನೆರಡಕ್ಕೆ ಸರಿಯಾಗಿ ಹೊಸ ಎಲೆ ಬಂತು. ಹತ್ತೇ ನಿಮಿಷಕ್ಕೆ ಅವಳು ಕೆಂಪಗಿನ ಮುಖ ಹೊತ್ತು ವಾಪಸಾದಳು.

“ಸಾರ್, ಏನಿದು? ಸೇವೆಗೆ ಸೇರಿದ ದಿನಾಂಕ ಇವತ್ತಿನದು ತೋರಿಸ್ತಿದೆ! ನನ್ನ ಒಂಬತ್ತು ವರ್ಷ ಎಲ್ಲೋಯ್ತು?”

ಡೈರೆಕ್ಟರಿಯಪ್ಪನಿಗೆ ಆಗ ಹೊಳೆಯಿತು. ಹೆಸರು ಅದೇ ಇದ್ದರೂ ಹೊಸ ಎಲೆ ಹೊಸ ಎಲೆಯೇ. ಅದು ಹುಟ್ಟಿದ ಗಳಿಗೆಯನ್ನು ಯಂತ್ರವೇ ಬರೆದುಕೊಳ್ಳುತ್ತದೆ, ಅಡ್ಮಿನ್ ಕೂಡ ತಿದ್ದುವಂತಿಲ್ಲ. ಸಿಬ್ಬಂದಿ ವಿಭಾಗ ಸೇವೆ ಎಣಿಸುವುದು ಅಲ್ಲಿಂದಲೇ. ಬುಟ್ಟಿ ಖಾಲಿ ಮಾಡಿದ್ದು ತಪ್ಪಾಯಿತು ಎಂದು ಒಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಂಡರೆ ಕುರ್ಚಿ ಕೈಬಿಟ್ಟಂತೆಯೇ.

“ರೂಲ್ಸ್ ಅಮ್ಮ, ರೂಲ್ಸ್,” ಎಂದ. “ಹೊಸದಾಗಿ ಹುಟ್ಟಿದ ಮೇಲೆ ವಯಸ್ಸು ಸೊನ್ನೆಯಿಂದಾನೇ ಅಲ್ವಾ? ನಿಮಗೆ ಗೊತ್ತಿರ್ಬೇಕಲ್ಲ, ಈಗ ತಾನೇ ಹೆತ್ತು ಬಂದೋರು.”

ಟೈಪಿಸ್ಟ್ ಅವನನ್ನು ದುರುಗುಟ್ಟಿ ನೋಡಿ ಸೀದಾ ಮ್ಯಾನೇಜರ ಕೋಣೆಗೆ ನುಗ್ಗಿದಳು. ಇವನೂ ಹಿಂದೆಯೇ ಓಡಿದ.

“ಒಂಬತ್ತು ವರ್ಷ ಸಾರ್! ದಯವಿಟ್ಟು ಒಂದು ಪತ್ರ ಬರೆದು ಸರಿಮಾಡಿಸಿ,” ಎಂದಳು ಅವಳು. ಮ್ಯಾನೇಜರು ತಲೆ ಕೆರೆದುಕೊಂಡರು.

“ಒಬ್ಬರಿಗೆ ಮಾಡಿದ್ರೆ ನೂರ ನಲವತ್ತೆರಡು ಜನಕ್ಕೂ ಮಾಡ್ಬೇಕಾಗತ್ತೆ ಸಾರ್,” ಎಂದ ಡೈರೆಕ್ಟರಿಯಪ್ಪ. “ಅದ್ರಲ್ಲಿ ಸತ್ತವರೂ ಇದಾರೆ. ಆಮೇಲೆ ಹುಟ್ಟುಹಬ್ಬ...”

ಹುಟ್ಟುಹಬ್ಬ ಎಂದದ್ದೇ ತಡ, ಮ್ಯಾನೇಜರು ಬೆಚ್ಚಿಬಿದ್ದರು. “ಏನು ಬರೀಬೇಕೋ ನೀವೇ ಹೇಳಿಬಿಡ್ರಿ, ಸಹಿ ಹಾಕ್ತೀನಿ.”

ಅವನು ಹೇಳಿದ. ಬರೆದುಕೊಳ್ಳಬೇಕಾದವಳು ಟೈಪಿಸ್ಟೇ. ಹಲ್ಲು ಕಚ್ಚಿಕೊಂಡು ಒಂದೊಂದು ಅಕ್ಷರವನ್ನೂ ಕುಟ್ಟಿದಳು: ‘ಡೈರೆಕ್ಟರಿಯಿಂದ ಹೋದವರನ್ನು ಮತ್ತೆ ಸೇರಿಸಿದರೆ, ಸೇರಿಸಿದ ಗಳಿಗೆಯಿಂದಲೇ ಸೇವೆಯ ಎಣಿಕೆ. ಹಿರಿತನವೂ ಅದರಂತೆಯೇ. ಎಂಥವರಿಗೂ ವಿನಾಯಿತಿ ಇಲ್ಲ.’ ಎಂಥವರಿಗೂ ಎಂಬ ಮಾತನ್ನು ಡೈರೆಕ್ಟರಿಯಪ್ಪ ಎರಡು ಸಲ ಹೇಳಿ ಸೇರಿಸಿದ. ಕಾಗದ ಮೇಲಿನ ಕಚೇರಿಗೆ ಹೋಯಿತು.

ಒಂದೂವರೆಗೆ ಹೆಂಡತಿಯ ಫೋನು.

“ರೀ, ನಲ್ಲೀಲಿ ಒಂದು ಹನಿ ನೀರಿಲ್ಲ! ತಲೆಗೆ ಸೋಪು ಹಚ್ಕೊಂಡು ನಿಂತಿದೀನಿ. ಎದುರು ಮನೆಯವರು, ನಿಮ್ಮೆಜಮಾನ್ರು ಅಲ್ಲೇ ಅಲ್ವಾ ಕೆಲಸ ಮಾಡೋದು ಅಂತ ಬಾಗಿಲಿಗೇ ಬಂದಿದಾರೆ. ಇವತ್ತೇ ದೊಡ್ಡ ಸಾಹೇಬ್ರಾಗ್ತಾರೆ ಅಂತ ಬೇರೆ ಹೇಳ್ಬಿಟ್ಟಿದೀನಿ!”

ಊರಿನ ದೊಡ್ಡ ಪಂಪಿಗೂ ಡೈರೆಕ್ಟರಿಯಲ್ಲಿ ಒಂದು ಎಲೆ ಇತ್ತು. ಅದನ್ನು ನೋಡಿಯೇ ಕಂಪ್ಯೂಟರು ಪಂಪಿಗೆ ಅಪ್ಪಣೆ ಕೊಡುವುದು. ಪಂಪು ಎಂದೂ ಕಂಪ್ಯೂಟರಿನ ಮುಂದೆ ಕೂತು ಪಾಸ್‌ವರ್ಡು ಹಾಕಿರಲಿಲ್ಲ. ಡೈರೆಕ್ಟರಿಯಪ್ಪ ಬೆವರು ಒರೆಸಿಕೊಳ್ಳುತ್ತ ಎರಡು ಗಂಟೆಗೆ ಪಂಪನ್ನು ಮತ್ತೆ ಸೇರಿಸಿದ. ಪಂಪು ಹಿರಿತನ ಗಿರಿತನ ಎಂದು ತಕರಾರು ತೆಗೆಯದೆ ತಿರುಗತೊಡಗಿತು. ಈ ಕಚೇರಿಯಲ್ಲಿ ತಿಳಿವಳಿಕೆ ಇರುವುದು ಅದೊಂದಕ್ಕೇ ಎಂದುಕೊಂಡ.

ಮೂರಕ್ಕೆ ಮೇಲಿನ ಕಚೇರಿಯ ಉತ್ತರ ಬಂತು. ‘ಅತ್ಯುತ್ತಮ ನಿಯಮ. ಈ ಗಳಿಗೆಯಿಂದಲೇ ಎಲ್ಲ ಶಾಖೆಗಳಲ್ಲೂ ಜಾರಿ.’ ಡೈರೆಕ್ಟರಿಯಪ್ಪ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ, ಟೈಪಿಸ್ಟಿಗೆ ಕೇಳಲಿ ಎಂದು.

ನಾಲ್ಕು ಹೊಡೆಯಿತು. ತಲೆ ಬಾಚಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಅವನು ಮ್ಯಾನೇಜರ ಎದುರು ಕೂತ. ಅವರು ಪ್ರಮೋಷನ್ ಫಾರಂ ತೆರೆದು ಅವನ ಹೆಸರು ಹಾಕಿದರು. ಪರದೆಯ ಮೇಲೆ ‘ಇಂಥ ವ್ಯಕ್ತಿ ಇಲ್ಲ’ ಎಂದು ಬಂತು.

“ಇನ್ನೊಂದ್ಸಲ ಹಾಕಿ ಸಾರ್.”

ಇನ್ನೊಂದು ಸಲವೂ ಅವನಿರಲಿಲ್ಲ.

ಓಡಿದ. ಬೆಳಿಗ್ಗೆ ಓದದೆ ಬಿಟ್ಟ ಪಟ್ಟಿಯನ್ನು ತೆರೆದು ಒಂದೊಂದೇ ಸಾಲು ಕೆಳಗಿಳಿಸಿದ. ಎಂಬತ್ತೇಳನೆಯ ಸಾಲು. ಒಂದು ಕಡೆ ವಾಚ್‌ಮನ್, ಒಂದು ಕಡೆ ಪಂಪು, ನಡುವೆ ಅವನ ಹೆಸರು. ಕೊನೆಯದಾಗಿ ಒಳಬಂದದ್ದು: ಎಂಟು ವರ್ಷದ ಹಿಂದೆ. ದಿನಾ ಒಂಬತ್ತಕ್ಕೆ ಬಂದು ಕೂರುತ್ತಿದ್ದವನು ಅಡ್ಮಿನ್. ಇವನನ್ನು ಡೈರೆಕ್ಟರಿ ಎಂಟು ವರ್ಷದಿಂದ ಕಂಡೇ ಇರಲಿಲ್ಲ.

“ಸಾರ್, ಒಂದು ಪತ್ರ ಬರೆದು...” ಎಂದು ಮ್ಯಾನೇಜರ ಮುಂದೆ ಕೈಮುಗಿದ. ಬೆಳಿಗ್ಗೆ ಕಂಡಿದ್ದ ಆ ಉದ್ದನೆಯ ಕತ್ತು ಈಗ ಅಂಗಿಯೊಳಗೆ ಸೇರಿಹೋಗಿತ್ತು.

“ಎಂಥವರಿಗೂ ಅಂತ ನೀವೇ ಅಲ್ವೇನ್ರೀ ಬರೆಸಿದ್ದು?” ಎಂದರು ಮ್ಯಾನೇಜರು. ಜೀವಮಾನದಲ್ಲಿ ಪೂರ್ತಿ ಓದಿದ ಒಂದೇ ಕಾಗದ ಅದಾಗಿತ್ತು. “ನಿಮ್ಮ ವಿಭಾಗದಲ್ಲಿ ಇನ್ಯಾರಿದಾರೆ? ಇದ್ದೋರಲ್ಲಿ ಹಿರಿಯರು ಯಾರೋ ಅವರಿಗೇ ಚಾರ್ಜ್ ಕೊಡಿ ಸದ್ಯಕ್ಕೆ.”

ವಿಭಾಗದಲ್ಲಿ ಇದ್ದದ್ದು ಇಬ್ಬರೇ.

ಅವನು ವಾಪಸಾದಾಗ ಟೈಪಿಸ್ಟ್ ಆದೇಶ ಟೈಪ್ ಮಾಡಿ ಮುಗಿಸಿದ್ದಳು. ಈ ಸಲ ಹಲ್ಲು ಕಚ್ಚಿರಲಿಲ್ಲ, ಮೆಲ್ಲಗೆ ಹಾಡು ಗುನುಗುತ್ತಿದ್ದಳು. “ನಾನು ನಿನಗಿಂತ ನಾಲ್ಕು ಗಂಟೆ ಸೀನಿಯರ್ ಕಣಪ್ಪ,” ಎಂದಳು. “ವಾಚ್‌ಮನ್ ಐದು ಗಂಟೆ. ಪಂಪು ಎರಡು ಗಂಟೆ.”

ಮೂಲೆಯ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ನೆಲದ ಮೇಲೆ ಬಿದ್ದಿತ್ತು. ಕುರ್ಚಿಯಲ್ಲಿ ಭಾಮೈದ ಕೂತು, ‘ಅಡ್ಮಿನ್’ ಎಂದು ಒಳಹೊಕ್ಕು, ಭಾವನಿಗೆ ಹೊಸ ಎಲೆ ಅಂಟಿಸುತ್ತಿದ್ದ. ಕತ್ತು ಆಗಲೇ ಅರ್ಧ ಅಂಗುಲ ಉದ್ದವಾದಂತಿತ್ತು. ಮೇಜಿನ ಮೇಲೆ ಡೈರೆಕ್ಟರಿಯಪ್ಪನ ಫೋನು ಬಡಿದುಕೊಂಡಿತು. ಭಾಮೈದನೇ ಎತ್ತಿದ.

“ಹ್ಞೂಂ ಅಕ್ಕ, ಪ್ರಮೋಷನ್ ಆಯ್ತು. ಕುರ್ಚೀನೂ ಬಂತು... ಹೌದಕ್ಕ, ನಮ್ಮ ಮನೆಯವರಿಗೇ,” ಎಂದು ಫೋನು ಕೆಳಗಿಟ್ಟು ತಿರುಗಿದ. ಕುರ್ಚಿಯೂ ಅವನ ಜೊತೆ ತಿರುಗಿತು. “ಭಾವ, ಬೇಜಾರು ಮಾಡ್ಕೋಬೇಡಿ. ಮೊದಲನೇ ದಿನ ಎಲ್ಲರಿಗೂ ಹೀಗೇ ಆಗೋದು. ಒಂದು ಹೊಸ ಪಾಸ್‌ವರ್ಡ್ ಹೇಳಿ. ಈ ಸಲ ಮರೆಯದೇ ಇರೋಂಥದ್ದು.”