ಹಿತಕಿದ ಬೇಳೆಯೂ ನೇರಳೆ ಮಾರ್ಗದ ಮೆಟ್ರೋವೂ

ಈ ಸಲದ ಅವರೆಕಾಯಿ ಭಾನುವಾರಕ್ಕೆ ಬೇಳೆ ಹಿತಕುವವಳು ನಾನೇ, ನಾನೊಬ್ಬಳೇ! ಡಿಸೆಂಬರಿನ ಒಂದು ಶುಕ್ರವಾರ ಫೋನಿನಲ್ಲಿ ನನ್ನ ಅತ್ತೆ ಇಂದ್ರಮ್ಮನವರಿಗೆ ಹೀಗೆಂದು ಘೋಷಿಸಿಯೇಬಿಟ್ಟೆ.

ನಮ್ಮ ಮನೆಯ ಪದ್ಧತಿ ಹೀಗೆ. ಪ್ರತಿ ವರ್ಷ ಅವರೆಯ ಕಾಲದಲ್ಲಿ ಒಂದು ಭಾನುವಾರ ಬಂಧುಗಳೆಲ್ಲ ಕೆಂಗೇರಿ ಉಪನಗರದಲ್ಲಿರುವ ಅತ್ತೆಯ ತಂಗಿ ಶಶಿಕಲಾ ಚಿಕ್ಕಮ್ಮನ ಮನೆಯಲ್ಲಿ ಸೇರಿ ಹಿತಕಿದ ಬೇಳೆ ಸಾರು ಉಣ್ಣಬೇಕು. ಸಾರು ಅಲ್ಲಿ ಕುದಿಯುತ್ತದೆ, ಬೇಳೆ ಮಾತ್ರ ಗೋವಿಂದರಾಜನಗರದ ನಮ್ಮ ಮನೆಯಿಂದಲೇ ಹೋಗಬೇಕು. ಅದೂ ಒಂದೊಂದೇ ಕಾಳನ್ನು ಬೆರಳ ಸಂದಿಯಲ್ಲಿ ಒತ್ತಿ, ಸಿಪ್ಪೆ ಜಾರಿಸಿ, ಅತ್ತೆಯೇ ಕೈಯಾರೆ ಹಿತಕಿದ್ದು. ಈ ವರ್ಷ ಚಿಕ್ಕಮ್ಮನಿಗೆ ಮಂಡಿನೋವು. ಅತ್ತೆ, ಮಾವ ಗುರುವಾರವೇ ಅಲ್ಲಿಗೆ ಹೋಗಿದ್ದರು.

“ಆಗಲ್ಲ ಅನ್ನಿಸಿದ್ರೆ ಹೇಳಮ್ಮ ಚೈತನ್ಯಾ. ಹಿತಕಿದ್ದೇ ಅಂಗಡೀಲಿ ಸಿಗುತ್ತೆ” ಎಂದು ಅತ್ತೆ ಮೆತ್ತಗೆ ಹೇಳಿದರು.

ಆ ಮೆತ್ತನೆಯ ದನಿಯೇ ನನ್ನನ್ನು ಚುಚ್ಚಿದ್ದು! ಎರಡು ವರ್ಷದ ಹಿಂದೆ ಚಿಕ್ಕಮ್ಮನ ಸೊಸೆ ರಂಜಿನಿ ಅಂಗಡಿಯಿಂದ ಒಂದು ಪ್ಯಾಕೆಟ್ ಬೇಳೆ ತಂದಿದ್ದಳು. ಆಮೇಲೆ ಅವಳಿಗೆ ಬಡ್ತಿ ಸಿಕ್ಕಿತು, ಮಗುವಾಯಿತು, ಕಾರು ಬಂತು. ಆದರೂ ಬಂಧುಗಳ ಬಾಯಲ್ಲಿ ಅವಳು ಇವತ್ತಿಗೂ ‘ಪ್ಯಾಕೆಟ್ ರಂಜಿನಿ’. ಮದುವೆಯಾಗಿ ಒಂಬತ್ತು ತಿಂಗಳಿಗೇ ‘ಪ್ಯಾಕೆಟ್ ಚೈತನ್ಯಾ’ ಆಗಿ ಚರಿತ್ರೆ ಸೇರಲು ನಾನು ತಯಾರಿರಲಿಲ್ಲ.

ನಾನು ರಾಣೆಬೆನ್ನೂರಿನವಳು. ನಮ್ಮ ಕಡೆ ಅವರೆಕಾಳು ಹುಟ್ಟಿದ ಹಾಗೇ ಸಾರಿಗೆ ಇಳಿಯುತ್ತದೆ. ಅದರ ಅಂಗಿ ಬಿಚ್ಚಿ ಸ್ನಾನಕ್ಕೆ ಕಳಿಸುವ ಸಂಪ್ರದಾಯವಿಲ್ಲ. ಆದರೇನು, ಊರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದ್ದೇನೆ. ಕಾಳಿಗೆ ಎರಡು ಸೆಕೆಂಡ್ ಎಂದು ಹಿಡಿದರೆ ನಿಮಿಷಕ್ಕೆ ಮೂವತ್ತು ಕಾಳು. ಸಾಮ್ರಾಜ್ಯಗಳನ್ನೇ ಗೆಲ್ಲಬಹುದಾದ ಲೆಕ್ಕ!

ಶನಿವಾರ ಬೆಳಿಗ್ಗೆ ಬೀದಿಯ ತುದಿಯಲ್ಲಿ ಈರಪ್ಪನ ಗಾಡಿ ನಿಂತಿತ್ತು. ಚಳಿಗೆ ಮಂಜು ಇನ್ನೂ ಕರಗಿರಲಿಲ್ಲ. ಕಾಯಿಯ ರಾಶಿ ಒದ್ದೆಯಾಗಿ ಹೊಳೆಯುತ್ತಿತ್ತು, ಅದರ ಸೊಗಡು ಮೂಗಿಗಿಂತ ಮೊದಲು ಮನಸ್ಸಿಗೆ ತಾಕಿತು. ಆ ಪರಿಮಳದ ಅಮಲಿನಲ್ಲಿ ಆರು ಕೆಜಿ ತೂಗಿಸಿದೆ. ಮಧ್ಯಾಹ್ನವೆಲ್ಲ ನಾನೂ ನನ್ನ ಗಂಡ ಸಿದ್ಧಾರ್ಥನೂ ಕೂತು ಕಾಯಿ ಬಿಡಿಸಿದೆವು. ಕಾಳನ್ನು ನಾನು ಜೋಪಾನವಾಗಿ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಅನಾಹುತದ ಬೀಜ ಬಿದ್ದದ್ದು ಅಲ್ಲೇ.

ಭಾನುವಾರ ಏಳಕ್ಕೆ ಮೊದಲ ಕಾಳು ಹಿಡಿದು ಒತ್ತಿದೆ. ಅದು ಕದಲಲಿಲ್ಲ. ಎರಡನೆಯದು ಚಪ್ಪಟೆಯಾಯಿತು, ಸಿಪ್ಪೆ ಬಿಡಲಿಲ್ಲ. ಸಿದ್ಧಾರ್ಥ ಕಾಫಿ ಹೀರುತ್ತಾ ನೋಡುತ್ತಿದ್ದ.

“ನೆನೆಸಿದ್ಯೇನೇ?”

“ಹಸಿ ಕಾಳನ್ನ ಯಾರಾದ್ರೂ ನೆನೆಸ್ತಾರಾ?”

“ಅಮ್ಮ ರಾತ್ರಿಯೆಲ್ಲಾ ನೆನೆಸ್ತಾರೆ.”

“ಮತ್ತೆ ನಿನ್ನೆ ಯಾಕೆ ಹೇಳಲಿಲ್ಲ?”

“ನಾನೊಬ್ಬಳೇ ಅಂದಿದ್ಯಲ್ಲ ಕಣೇ.”

ಬಿಸಿನೀರು ಕಾಯಿಸಿ ಸುರಿದೆ. ಹತ್ತೂವರೆಗೆ ಸಿಪ್ಪೆ ಸಡಿಲವಾಯಿತು. ಆಗ ಶುರುವಾಯಿತು ನೋಡಿ ಕ್ಷಿಪಣಿ ಪ್ರಯೋಗ! ಒಂದು ಕಾಳು ಗೋಡೆಯ ಕ್ಯಾಲೆಂಡರಿಗೆ ಬಡಿಯಿತು, ಒಂದು ಸಿದ್ಧಾರ್ಥನ ಕಾಫಿಗೆ ಬಿತ್ತು, ಇನ್ನೊಂದು ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಹನ್ನೊಂದೂವರೆಗೆ ಒಂದು ಬಟ್ಟಲು ಬೇಳೆ ತಯಾರಾಗಿತ್ತು. ಉಣ್ಣುವವರು ಹದಿನಾಲ್ಕು ಜನ. ಅಷ್ಟರಲ್ಲಿ ಅತ್ತೆಯ ಫೋನು, ಈರುಳ್ಳಿ ಹೆಚ್ಚಿ ಆಯಿತು, ಹೊರಟಿರಾ ಅಂತ. ಸಿದ್ಧಾರ್ಥ ನನ್ನ ಮುಖ ನೋಡಿ, ಅಂಗಡಿ ಇನ್ನೂ ತೆಗೆದಿರುತ್ತದೆ ಎಂದ. ನಾನು ಅವನ ಮುಖ ನೋಡಿದ ರೀತಿಗೆ ಅವನು ಚಪ್ಪಲಿ ಹಾಕಿಕೊಂಡ.

ಕಾಳಿನ ನೀರು ಬಸಿದು, ಎರಡು ಸ್ಟೀಲ್ ಡಬ್ಬಿ ಹಿಡಿದು ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಸೀಟು ಸಿಕ್ಕಿತು. ಮಡಿಲಲ್ಲಿ ಡಬ್ಬಿ ತೆರೆದು ನಾಲ್ಕು ಕಾಳು ಹಿತಕಿದ್ದೆನೋ ಇಲ್ಲವೋ, ಸೆಕ್ಯುರಿಟಿಯವರು ಬಂದು, ಒಳಗೆ ತಿನ್ನುವ ಹಾಗಿಲ್ಲ ಮೇಡಂ ಎಂದರು.

“ತಿಂತಾ ಇಲ್ಲ ಸಾರ್, ಹಿತಕ್ತಾ ಇದೀನಿ.”

ಅವರು ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ಮಗುಚಿ ನೋಡಿದರು. ಹಿತಕುವುದರ ಬಗ್ಗೆ ಏನೂ ಇರಲಿಲ್ಲವೆಂದು ಕಾಣುತ್ತದೆ. ಕೆಳಗೆ ಬೀಳಿಸಬೇಡಿ ಎಂದು ಹೇಳಿ ಮುಂದಿನ ಬೋಗಿಗೆ ಹೋದರು. ಅವರು ಅತ್ತ ತಿರುಗಿದ್ದೇ ತಡ, ನನ್ನ ಕೈಯಿಂದ ಹಾರಿದ ಕಾಳೊಂದು ಎದುರು ಸೀಟಿನ ಯಜಮಾನರ ಕನ್ನಡಕಕ್ಕೆ ಟಪ್ಪೆಂದು ಬಡಿಯಿತು!

ಆ ಯಜಮಾನರು ಕನ್ನಡಕ ತೆಗೆದರು, ಮಡಿಲಿಗೆ ಬಿದ್ದ ಕಾಳನ್ನು ಎತ್ತಿ ಮೂಸಿದರು.

“ಒಳ್ಳೆ ಸೊಗಡಿನ ಕಾಯಿ. ಆದ್ರೆ ನೀವು ಹಿಡಿಯೋದೇ ತಪ್ಪಮ್ಮ, ಕೊಡಿ ಇಲ್ಲಿ.”

ಅವರ ಹೆಸರು ಬೈರಯ್ಯ, ಚನ್ನಪಟ್ಟಣದ ಕಡೆಯವರು. ಅವರು ಒಂದು ಹಿಡಿ ತೆಗೆದುಕೊಂಡರು. ಅವರ ಪಕ್ಕದ ಆಂಟಿ, ತಮ್ಮ ಮನೆಯಲ್ಲಿ ಈ ವರ್ಷ ಇನ್ನೂ ಮಾಡಿಲ್ಲ ಎಂದು ಕೊರಗುತ್ತಾ ಎರಡು ಹಿಡಿ ತೆಗೆದುಕೊಂಡರು. ನಾಯಂಡಹಳ್ಳಿ ದಾಟುವಷ್ಟರಲ್ಲಿ ಡಬ್ಬಿಯ ಮುಚ್ಚಳ ಸಾಲಿನುದ್ದಕ್ಕೂ ಪ್ರಸಾದದ ತಟ್ಟೆಯ ಹಾಗೆ ಸಾಗುತ್ತಿತ್ತು. ಕಂಬಿ ಹಿಡಿದು ನಿಂತಿದ್ದ ಇಬ್ಬರು ಯುವಕರು ಕಂಬಿ ಬಿಟ್ಟರು. ಒಬ್ಬ ಇನ್ನೊಬ್ಬನಿಗೆ, “ಮಗಾ, ಬೇಳೆ ಹೋಳು ಮಾಡ್ಬೇಡ, ಮೆತ್ತಗೆ ಒತ್ತು” ಎಂದು ಪಾಠ ಹೇಳುತ್ತಿದ್ದ. ಉದ್ದ ಉಗುರಿಗೆ ಬಣ್ಣ ಹಚ್ಚಿದ್ದ ಹುಡುಗಿಯೊಬ್ಬಳು ಜ್ಞಾನಭಾರತಿಯಲ್ಲಿ ಇಳಿಯಬೇಕಾದವಳು ಇಳಿಯಲೇ ಇಲ್ಲ. ಇಡೀ ಬೋಗಿಯಲ್ಲಿ ಸೊಗಡು. ಕಿಟಕಿಯಾಚೆ ಚಳಿಗಾಲದ ಎಳೆ ಬಿಸಿಲು ಜೊತೆಗೇ ಓಡುತ್ತಿತ್ತು. ಗುರುತೇ ಇಲ್ಲದ ಮೂವತ್ತು ಜನ ಒಂದೇ ಮನೆಯ ಪಡಸಾಲೆಯಲ್ಲಿ ಕೂತ ಹಾಗೆ ತಲೆ ಬಗ್ಗಿಸಿ ಹಿತಕುತ್ತಿದ್ದರು. ನನ್ನ ಕಣ್ಣು ಒದ್ದೆಯಾಯಿತು, ನಿಜ ಹೇಳುತ್ತೇನೆ.

ಕೆಂಗೇರಿ ಬಸ್ ಟರ್ಮಿನಲ್ ಬಂದಾಗ ಒಂದು ಡಬ್ಬಿ ತುಂಬ ಬೇಳೆ, ಒಂದು ಡಬ್ಬಿ ತುಂಬ ಸಿಪ್ಪೆ! ಬೋಗಿಯವರು ಕೈಬೀಸಿ ಬೀಳ್ಕೊಟ್ಟರು.

ಚಿಕ್ಕಮ್ಮನ ಮನೆಯಲ್ಲಿ ಅತ್ತೆ ಬೇಳೆಯನ್ನು ಅಗಲವಾದ ತಟ್ಟೆಗೆ ಸುರಿದು ಬೆರಳಾಡಿಸಿದರು. ನಾನು ಫಲಿತಾಂಶದ ದಿನದ ವಿದ್ಯಾರ್ಥಿನಿಯಂತೆ ನಿಂತಿದ್ದೆ.

“ಅಂಗಡೀದಲ್ಲ” ಎಂದರು ಅತ್ತೆ. “ಅಂಗಡೀದು ಎಲ್ಲಾ ಒಂದೇ ಥರ ಇರುತ್ತೆ.”

ಹಿಂದೆ ನಿಂತಿದ್ದ ರಂಜಿನಿಯ ಮುಖ ಸಣ್ಣದಾಯಿತು. ನನ್ನ ಎದೆ ಎಷ್ಟು ಉಬ್ಬಿತೆಂದರೆ ನಾಲಿಗೆ ತಾನಾಗಿಯೇ ಜಾರಿತು. “ನಾನೊಬ್ಬಳೇ ಹಿತಕಿದ್ದು, ಅತ್ತೆ.”

ಸಿದ್ಧಾರ್ಥ ಫ್ಯಾನು ನೋಡತೊಡಗಿದ.

ಅತ್ತೆ ಒಂದು ಬೇಳೆ ಎತ್ತಿ ಬೆಳಕಿಗೆ ಹಿಡಿದರು. “ಇದು ಉಗುರು ಹಾಕಿ ಕಿತ್ತಿದ್ದು. ನಿನಗೆ ಉಗುರಿಲ್ಲ.” ಇನ್ನೊಂದು ಎತ್ತಿದರು. “ಇದು ಎರಡು ಹೋಳು, ಹೊಸದಾಗಿ ಕಲಿತ ಗಂಡಸಿನ ಕೈ.” ಮತ್ತೊಂದು. “ಇದು ನೋಡು, ಮುತ್ತಿನ ಹಾಗಿದೆ. ನಲವತ್ತು ವರ್ಷ ಹಿತಕಿರೋ ಬೆರಳು.” ಬೇಳೆಯನ್ನು ತಟ್ಟೆಗೆ ಹಾಕಿ ನನ್ನತ್ತ ತಿರುಗಿದರು. “ಎಷ್ಟು ಜನ ಕೂತಿದ್ರಿ?”

“ಒಂದು ಬೋಗಿ, ಅತ್ತೆ.”

ನೆನೆಸದೆ ಇಟ್ಟದ್ದರಿಂದ ಹಿಡಿದು ಬೈರಯ್ಯನವರ ಕನ್ನಡಕದವರೆಗೆ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಚಿಕ್ಕಮ್ಮ ನೋವಿನ ಮಂಡಿ ಹಿಡಿದುಕೊಂಡೇ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ರಂಜಿನಿ. ಅತ್ತೆ ನಗಲಿಲ್ಲ. ತಟ್ಟೆಯ ಅಂಚಿಗೆ ಕೆಲವು ಕಾಳುಗಳನ್ನು ಸರಿಸಿ ಬೇರೆ ಗುಡ್ಡೆ ಮಾಡುತ್ತಿದ್ದರು. ಕೆಲವು ಅರ್ಧ ಸಿಪ್ಪೆ ಹೊದ್ದಿದ್ದವು, ಕೆಲವು ಚಟ್ನಿಯಾಗಿದ್ದವು.

“ಪಾಪ, ಎಲ್ಲಾ ಚೆನ್ನಾಗೇ ಹಿತಕಿದ್ದಾರೆ” ಎಂದರು ಕೊನೆಗೆ. “ಇವು ಯಾರವು ಅಂತ ನೆನಪಿದ್ಯಾ? ಮುಂದಿನ ವರ್ಷ ಅವರೊಬ್ಬರ ಕೈಗೆ ಮಾತ್ರ ಕೊಡಬೇಡ.”

ನಾನು ತಲೆ ತಗ್ಗಿಸಿದೆ.

“ಅವು ನನ್ನವು, ಅತ್ತೆ.”