ಮನೆಯಲ್ಲೇ ಸ್ಪಾ, ಖರ್ಚೇ ಇಲ್ಲ

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡವಳು ನಾನು. ಹುಬ್ಬು ತೆಗೆಸಿಕೊಳ್ಳುವಾಗ ಹೆಂಗಸರು ನೋವು ಮರೆಯಲಿಕ್ಕೆ ಬಾಯಿ ಬಿಡುತ್ತಾರೆ. ಹಾಗಾಗಿ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ಕಡೆಯ ಹುಚ್ಚಾಟಗಳು ಒಂದಲ್ಲ ಒಂದು ದಿನ ನನ್ನ ಕುರ್ಚಿಗೆ ಬಂದು ಕೂರುತ್ತವೆ. ನಾನಾಗಿ ಕರೆಯಬೇಕಂತಿಲ್ಲ.

ಈಚಿನ ಹುಚ್ಚು ಮನೆ ಸ್ಪಾ. ಇದಕ್ಕೆ ಮೂಲ ನಮ್ಮ ಬೀದಿಯ ಮಹಿಳಾ ಮಂಡಳಿಯ ಅಧ್ಯಕ್ಷೆ. ಮೊಬೈಲಿನಲ್ಲಿ ಎಂತದೋ ವಿಡಿಯೋ ನೋಡಿದವರು ಮಂಡಳಿಯ ಸಭೆಯಲ್ಲಿ ಮೈಕು ಹಿಡಿದು, "ಪಾರ್ಲರಿಗೆ ಯಾಕೆ ದುಡ್ಡು ಸುರಿಯೋದು? ನಮ್ಮ ಅಡುಗೆಮನೇಲಿ ಇಲ್ಲದ್ದು ಅಲ್ಲಿ ಎಂತ ಇದೆ? ಮನೆಯಲ್ಲೇ ಸ್ಪಾ, ಖರ್ಚೇ ಇಲ್ಲ" ಅಂದರು. ನಾನೂ ಅಲ್ಲೇ ಕೂತು ಚಪ್ಪಾಳೆ ತಟ್ಟಿದೆ. ತಟ್ಟದಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಹೊಟ್ಟೆಕಿಚ್ಚೇ ಹೌದು, ಸುಳ್ಳು ಯಾಕೆ ಹೇಳಲಿ.

ಆಮೇಲೆ ನನ್ನ ಕುರ್ಚಿ ಖಾಲಿ ಹೊಡೆಯತೊಡಗಿತು. ಬರುವವರೆಲ್ಲ ಮನೆಯಲ್ಲಿ ಮಾಡಿಕೊಂಡ ಅನಾಹುತ ರಿಪೇರಿ ಮಾಡಿಸಲಿಕ್ಕೆ ಬರುವವರು. ದೀಪಾವಳಿ ಕಳೆದರೂ ಹೀಗೇ ಇದ್ದರೆ ಶಟರ್ ಎಳೆದು, ತಂಗಿಯ ಟೈಲರ್ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹಾಕುತ್ತಾ ಕೂರುವುದು ಅಂತ ತೀರ್ಮಾನ ಮಾಡಿದ್ದೆ.

ಸುಕ್ಕು ಹೋದದ್ದು

ಮೊದಲು ಬಂದದ್ದು ಎನ್.ಆರ್. ಪುರದ ಒಬ್ಬ ಕ್ಯಾಷಿಯರಮ್ಮ. ವಿಡಿಯೋದಲ್ಲಿ ಮುಖಕ್ಕೆ ಜೇನುತುಪ್ಪ ಹಚ್ಚಿ ಅಂದಿದ್ದರಂತೆ. ಜೇನು ದುಬಾರಿ. ಅಧ್ಯಕ್ಷೆಗೆ ಫೋನ್ ಮಾಡಿ ಕೇಳಿದರೆ, "ಜೇನು ಯಾಕೆ, ದೋಸೆಗೆ ಹಾಕ್ಕೊಳ್ಳೋ ಜೋನಿಬೆಲ್ಲ ಇಲ್ವಾ? ಅದೂ ನೀರುನೀರಾಗೇ ಇರತ್ತೆ, ಅದೂ ಸಿಹಿ" ಅಂದರಂತೆ. ಈಯಮ್ಮ ಮುಖದ ತುಂಬ ಜೋನಿಬೆಲ್ಲ ಸವರಿಕೊಂಡು, ರಿಲ್ಯಾಕ್ಸ್ ಆಗಬೇಕಲ್ಲ, ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ್ದಾರೆ. ತಂಪು ಗಾಳಿ, ನಿದ್ದೆ ಬಂದಿದೆ. ಅಂಗಳದ ಮಾವಿನಮರದ ಚಿಗಳಿ ಇರುವೆಗಳಿಗೆ ಸುದ್ದಿ ಮುಟ್ಟಿದೆ.

ನನ್ನ ಹತ್ತಿರ ಬರುವಾಗ ಮುಖ ಎಷ್ಟು ಊದಿತ್ತು ಅಂದರೆ ಮೂಗು ಎಲ್ಲಿದೆ ಅಂತ ಹುಡುಕಬೇಕು. "ಎಂತ ಮಾಡ್ಕೊಂಡ್ರಿ ಮಾರಾಯ್ರೆ, ಇದಕ್ಕೆ ನಾನಲ್ಲ, ಡಾಕ್ಟ್ರು ಬೇಕು" ಅಂದೆ. ಕನ್ನಡಿಯ ಹತ್ತಿರ ಹೋಗಿ ಒಂದು ಕಣ್ಣು ಹೇಗೋ ಬಿಡಿಸಿಕೊಂಡು ನೋಡಿಕೊಂಡರು.

"ಉರಿ ಇದೆ, ಇಲ್ಲ ಅನ್ನಲ್ಲ. ಆದ್ರೆ ಅಧ್ಯಕ್ಷೆ ಹೇಳಿದ್ದು ಸುಳ್ಳಲ್ಲ ಕಣ್ರಿ, ಸುಕ್ಕು ಒಂದೂ ಇಲ್ಲ ನೋಡಿ."

ಬೀಜದ ಸೌತೆ

ಎರಡನೆಯವಳು ನಮ್ಮ ಪಕ್ಕದ ಬೀದಿಗೆ ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಕಣ್ಣಿನ ಮೇಲೆ ಸೌತೆಕಾಯಿ ಹೋಳು ಇಟ್ಟುಕೊಂಡರೆ ಆಯಾಸ ಹೋಗುತ್ತದಂತೆ. ಎಂತ ಆಯಾಸವೋ, ಬೆಳಿಗ್ಗೆಯಿಂದ ಮಾಡಿದ್ದು ಮೊಬೈಲ್ ನೋಡುವ ಕೆಲಸ. ಮನೆಯಲ್ಲಿ ಎಳೆ ಸೌತೆ ಇರಲಿಲ್ಲ. ಅಟ್ಟದ ಕೆಳಗೆ ಬಾಳೆಪಟ್ಟೆಯಲ್ಲಿ ಕಟ್ಟಿ ನೇತುಹಾಕಿದ್ದ ಹಳದಿ ಸೌತೆ ಕಣ್ಣಿಗೆ ಬಿತ್ತು. ಅತ್ತೆ ಮುಂದಿನ ಬೆಳೆಯ ಬೀಜಕ್ಕೆ ಅಂತ ಜೋಪಾನ ಮಾಡಿ ಇಟ್ಟದ್ದು. ಇವಳು ಅದನ್ನೇ ಇಳಿಸಿ, ಹೆಚ್ಚಿ, ಕಣ್ಣಿನ ಮೇಲೆ ಇಟ್ಟುಕೊಂಡು ಒರಗಿದ್ದಾಳೆ.

ಅತ್ತೆ ಕೊಟ್ಟಿಗೆಯಿಂದ ಬಂದು ನೋಡಿದರು. ಬೈತಾರೆ ಅಂತ ಸೊಸೆ ಕಣ್ಣು ಬಿಡದೆ ಹಾಗೇ ಬಿದ್ದುಕೊಂಡಳಂತೆ. ಅವರು ಬೈಯಲಿಲ್ಲ. ತಟ್ಟೆ ತಂದು ಪಕ್ಕದಲ್ಲಿ ಕೂತು, ಒಂದೊಂದೇ ಬೀಜ ಬಿಡಿಸತೊಡಗಿದರು. ಹೋಳು ಮುಗಿಯಿತು. ರೆಪ್ಪೆಗೆ ಅಂಟಿದ್ದನ್ನೂ ಉಗುರಲ್ಲಿ ಕೆರೆದು ತೆಗೆದರು. ಸೊಸೆ ಮೆಲ್ಲಗೆ ಏಳಲಿಕ್ಕೆ ಹೋದರೆ ಹಣೆ ಒತ್ತಿ ಮಲಗಿಸಿದರಂತೆ.

"ಅಲ್ಲಾಡ್ಬೇಡ, ಹುಬ್ಬಲ್ಲಿ ಇನ್ನೊಂದಿದೆ."

ಯಾರು ಹೋದದ್ದು

ಶೃಂಗೇರಿಯಲ್ಲಿ ಒಂದು ಲಾಡ್ಜಿನ ಮ್ಯಾನೇಜರನ ಹೆಂಡತಿ. ಈಕೆಗೆ ಹಚ್ಚಿಕೊಳ್ಳುವುದು ಸಾಲದು, 'ವಾತಾವರಣ' ಬೇಕು. ಪರಿಮಳದ ಮೇಣದಬತ್ತಿಗೆ ದುಡ್ಡು ಯಾಕೆ ಅಂತ ದೇವರ ಮನೆಯ ದೀಪ ತಂದಳು. ಊದುಬತ್ತಿ ಹಚ್ಚಿದಳು. ಮೊಬೈಲಿನಲ್ಲಿ ಸಣ್ಣಗೆ ಕೊಳಲು ಹಾಕಿದಳು. ಮುಖಕ್ಕೆ ಅಕ್ಕಿಹಿಟ್ಟು ಮೆತ್ತಿಕೊಂಡು, ನಡುಮನೆಯ ನೆಲದಲ್ಲಿ ಚಾಪೆ ಹಾಸಿ, ಕುತ್ತಿಗೆಯವರೆಗೆ ಬಿಳಿ ಪಂಚೆ ಹೊದ್ದು, ಕಣ್ಣು ಮುಚ್ಚಿ ಅಂಗಾತ ಮಲಗಿದಳು. ಕಾಲು ತಾಗಿ ದೀಪ ಉರುಳುವುದು ಬೇಡ ಅಂತ ಅದನ್ನು ತಲೆಯ ಹತ್ತಿರ ಇಟ್ಟಳು. ಇಷ್ಟು ಬುದ್ಧಿ ಇತ್ತು, ಇದರ ಮುಂದಿನದು ಇರಲಿಲ್ಲ.

ಪಕ್ಕದ ಮನೆಯ ಅಜ್ಜಿ ಮೊಸರಿಗೆ ಹೆಪ್ಪು ಕೇಳಲಿಕ್ಕೆ ಬಂದವರು ಕಿಟಕಿಯಲ್ಲಿ ಇಣುಕಿದರು. ತಲೆದೆಸೆಯಲ್ಲಿ ದೀಪ, ಊದುಬತ್ತಿ ಹೊಗೆ, ಬಿಳಿ ಮುಖ, ಬಿಳಿ ಪಂಚೆ. ಕೈಯ ಲೋಟ ಅಲ್ಲೇ ಬಿತ್ತು. ಅಜ್ಜಿ ಅಳುತ್ತಾ ಬೀದಿಗೆ ಹೋಗಿ ಸುದ್ದಿ ಹೇಳಿ, ಒಬ್ಬರು ಲಾಡ್ಜಿಗೆ ಫೋನ್ ಮಾಡಿ, ಅಂಗಳದಲ್ಲಿ ಜನ ಸೇರಿಯೂ ಆಯಿತು. ಗಂಡ ಅಳುತ್ತಾ ಓಡಿ ಬಂದ. ಈ ಗಲಾಟೆಗೆ ಹೆಂಡತಿಗೆ ಎಚ್ಚರಾಯಿತು. ಅಳುವುದು ಕೇಳಿ ಅವಳಿಗೂ ಕರುಳು ಚುರ್ ಅಂದಿದೆ. ಅದೇ ಮುಖದಲ್ಲಿ, ಅದೇ ಪಂಚೆ ಹೊದ್ದು ಹಿಂಬಾಗಿಲಿಂದ ಹೊರಗೆ ಬಂದು, ಜನರ ಹಿಂದೆ ನಿಂತು ಕೇಳಿದಳಂತೆ:

"ಪಾಪ, ಯಾರು ಹೋದದ್ದು?"

ಬಣ್ಣ

ಇಷ್ಟೆಲ್ಲ ಆದರೂ ಅಧ್ಯಕ್ಷೆಯ ಮಾತಿಗೆ ಬೆಲೆ ಕಮ್ಮಿಯಾಗಲಿಲ್ಲ. ದೀಪಾವಳಿಯೂ ಕಳೆಯಿತು. ಅವರ ಮಗಳ ನಿಶ್ಚಿತಾರ್ಥ ಶೃಂಗೇರಿಯ ಒಂದು ಛತ್ರದಲ್ಲಿ ಅಂತಾಯಿತು. ಗಂಡಿನ ತಂದೆ ಅಡಿಕೆ ವ್ಯಾಪಾರಿ. ನನಗೂ ಕರೆ ಬಂತು. "ಮೇಕಪ್ಪೆಲ್ಲ ಮನೇಲೇ ಮಾಡ್ಕೊಳ್ತೀವಿ, ನೀನು ಊಟಕ್ಕೆ ಬಾ" ಅಂದರು. ಉಂಡು ಬಂದು ಶಟರ್ ಎಳೆಯುವುದೇ ಅಂದುಕೊಂಡೆ.

ಹಿಂದಿನ ದಿನ ಸಂಜೆ ಪಾರ್ಲರಿನ ಹಿಂಬಾಗಿಲು ಯಾರೋ ತಟ್ಟಿದರು. ಮುಖದ ತುಂಬ ಸೆರಗು ಹೊದ್ದು ಅಧ್ಯಕ್ಷೆ ನಿಂತಿದ್ದರು. ಒಳಗೆ ಬಂದು, "ಮೊದ್ಲು ಬಾಗಿಲು ಹಾಕು ಮಾರಾಯ್ತಿ" ಅಂತ ಸೆರಗು ತೆಗೆದರು.

ಹಣೆಯಿಂದ ಕುತ್ತಿಗೆವರೆಗೆ ಕಡುಗೆಂಪು. ಕಣ್ಣಿನ ಸುತ್ತ ಮಾತ್ರ ಎರಡು ಬಿಳಿ ಉಂಗುರ.

"ಎಂತ ಹಚ್ಚಿದ್ರಿ?"

"ಜೋನಿಬೆಲ್ಲ, ಕಾಫಿಪುಡಿ, ಅಷ್ಟೇ. ಇಲ್ಲೇ ನಾರ್ವೆ ಹಳ್ಳಿಯ ಅಣ್ಣನ ಮನೆ ಉಗ್ರಾಣದಿಂದ ನಾನೇ ಎತ್ಕೊಂಡು ಬಂದದ್ದು. ಖರ್ಚೇ..." ಅಂದವರು ಅಲ್ಲಿಗೇ ನಿಲ್ಲಿಸಿದರು.

ಬಾಟಲಿ ಚೀಲದಲ್ಲೇ ಇತ್ತು. ಮುಚ್ಚಳ ತೆಗೆದು ಮೂಸಿದೆ. ಜೋನಿಬೆಲ್ಲವಂತೆ! ಅದು ಚೊಗರು. ಅಡಿಕೆ ಬೇಯಿಸಿದ ನೀರು ಇಂಗಿ ಗಟ್ಟಿಯಾದದ್ದು, ಅಡಿಕೆಗೆ ಕೆಂಪು ಬಣ್ಣ ಹಿಡಿಯಲಿ ಅಂತ ಹಾಕುವುದು. ಕೈಗೆ ತಾಗಿದರೆ ಸೋಪಿಗೂ ಜಗ್ಗುವುದಿಲ್ಲ, ಚರ್ಮವೇ ಸವೆದು ಹೋಗಬೇಕು. ಅತ್ತಿಗೆ ಮುಂದಿನ ಕೊಯ್ಲಿಗೆ ಆಗಲಿ ಅಂತ ಜೋನಿಬೆಲ್ಲದ ಹಳೇ ಬಾಟಲಿಯಲ್ಲಿ ತುಂಬಿಟ್ಟಿದ್ದರು. ನಾರ್ವೆಯ ಆ ಅಡಿಕೆ ತೋಟದ ಮನೆಯಲ್ಲೇ ಹುಟ್ಟಿ ಬೆಳೆದ ಅಧ್ಯಕ್ಷೆಗೆ ಗುರುತು ಸಿಗಲಿಲ್ಲ.

"ಮೂಸಿ ನೋಡ್ಲಿಲ್ವಾ?"

"ಶೀತ ಆಗಿತ್ತು."

"ನೆಕ್ಕಿ ನೋಡ್ಲಿಲ್ವಾ?"

"ಮುಖಕ್ಕೆ ಹಚ್ಚೋದನ್ನ ಯಾರು ನೆಕ್ತಾರೆ?"

"ಇರುವೆ ನೆಕ್ಕತ್ತೆ. ಒಂದಾದ್ರೂ ಬಂತಾ?"

ಸ್ವಲ್ಪ ಯೋಚನೆ ಮಾಡಿ, "ಒಂದೂ ಬರ್ಲಿಲ್ಲ. ನಾನು ಅದಕ್ಕೇ ಖುಷಿಪಟ್ಟೆ" ಅಂದರು. ಹಾಗಂದವರೇ ಅಳಲಿಕ್ಕೆ ಶುರು ಮಾಡಿದರು. "ನಾಳೆ ಬೀಗರ ಎದುರಿಗೆ ಹ್ಯಾಗೆ ನಿಂತ್ಕೊಳ್ಲಿ? ಮಗಳ ಫೋಟೋದಲ್ಲೆಲ್ಲ ಈ ಮುಖವೇ ಬರತ್ತಲ್ಲೆ."

ನನಗೆ ಅಯ್ಯೋ ಅನ್ನಿಸಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. "ಬಣ್ಣ ತೆಗೆಯೋಕ್ಕಾಗಲ್ಲ, ಮುಚ್ಚಿ ಕೊಡ್ತೀನಿ. ಆದ್ರೆ ಅಕ್ಕ, ನಾಳೆ ಯಾರಾದ್ರೂ ಕೇಳಿದ್ರೆ, ಮಂಡಳಿಯವರ ಎದುರಿಗೇ, ಪಾರ್ಲರಲ್ಲಿ ಮಾಡಿಸಿದ್ದು ಅಂತ ಹೇಳ್ಬೇಕು" ಅಂದೆ. ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಯಾರ ತಲೆ ಅಂತ ನಾನು ಗಮನಿಸಿದೆ, ನನ್ನದು.

ಬೆಳಿಗ್ಗೆ ಗೋಡೆಗೆ ಪುಟ್ಟಿ ಬಳಿಯುವ ಹಾಗೆ ಬಳಿದೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಛತ್ರಕ್ಕೆ ಹೋದಾಗ ಅಧ್ಯಕ್ಷೆ ಮಗಳಿಗಿಂತ ಹೆಚ್ಚು ಹೊಳೆಯುತ್ತಿದ್ದರು. ತಟ್ಟೆ ಬದಲಾಯಿಸುವ ಶಾಸ್ತ್ರ ಮುಗಿದು ಎಲ್ಲರೂ ಊಟಕ್ಕೆ ಕೂತೆವು. ಮಂಡಳಿಯವರೆಲ್ಲ ಒಂದು ಸಾಲು, ನಾನೂ ಅಲ್ಲೇ. ಗಂಡಿನ ತಾಯಿ ಕೇಳಿಯೇಬಿಟ್ಟರು: "ಎಂಥಾ ಕಳೆ ನಿಮ್ಮ ಮುಖಕ್ಕೆ! ಯಾವ ಪಾರ್ಲರು?"

ಅಧ್ಯಕ್ಷೆ ನನ್ನನ್ನು ನೋಡಿದರು. ಮಂಡಳಿಯವರನ್ನು ನೋಡಿದರು. "ಪಾರ್ಲರ್ ಗೀರ್ಲರ್ ಎಂತದೂ ಇಲ್ಲ. ಮನೆಯಲ್ಲೇ ಸ್ಪಾ, ಖರ್ಚೇ ಇಲ್ಲ."

ಇಂಥವರಿಗೆ ಸಹಾಯ ಮಾಡಿದ ನನ್ನ ಬುದ್ಧಿಗೆ ಹೊಡೆಯಬೇಕು ಅನ್ನಿಸಿತು.

ಅಷ್ಟರಲ್ಲಿ ಬಿಸಿ ಸಾರು ಬಂತು. ಅದರ ಖಾರಕ್ಕೆ ಅಧ್ಯಕ್ಷೆ ಬೆವರಿದರು. ಬೆವರಿದವರು ಮರೆತು ಸೆರಗಿನಲ್ಲಿ ಕೆನ್ನೆ ಒರೆಸಿಕೊಂಡರು. ಪುಟ್ಟಿ ಪೂರ್ತಿ ಸೆರಗಿಗೆ ಬಂತು. ಎದುರು ಸಾಲಿನಲ್ಲಿ ಗಂಡಿನ ತಂದೆ, ಜೀವಮಾನವಿಡೀ ಅಡಿಕೆ ಬಣ್ಣ ನೋಡಿ ರೇಟು ಕಟ್ಟಿದವರು. ಎಡಗೈಯಲ್ಲಿ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಎಲೆಯ ಮೇಲೆ ಬಗ್ಗಿ, ಆ ಕೆನ್ನೆಯನ್ನು ಸಾವಕಾಶವಾಗಿ ನೋಡಿದರು.

"ಹೌದು ಬೀಗಿತ್ತಿಯವ್ರೇ, ಮನೆಯದ್ದೇ" ಅಂದರು, ಭಾರೀ ಗೌರವದಿಂದ. "ಒಳ್ಳೇ ಚೊಗರು. ಈ ವರ್ಷ ನನ್ನ ಮಂಡಿಗೆ ಬಂದ ಅಡಿಕೆಗೂ ಇಷ್ಟು ಚಂದ ಬಣ್ಣ ಕೂತಿಲ್ಲ."

ಮಂಡಳಿಯ ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು. ಪಕ್ಕದವಳು ಮೆಲ್ಲಗೆ, "ನಾಳೆ ಪಾರ್ಲರ್ ಬಾಗಿಲು ತೆಗೀತೀಯಲ್ಲ?" ಅಂತ ಕೇಳಿದಳು. ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.