ಕೋದಂಡಪ್ಪ ಹಿಡಿದ ಕಾಟ್ಲಾ

ಆ ಭಾನುವಾರ ಯಾವ ಮೀನೂ ಕಚ್ಚಬಾರದು ಎಂದೇ ನರೇಶ್ ಗಾಳಕ್ಕೆ ಅತ್ತೆ ಮಾಡಿದ ಉಂಡೆಯನ್ನು ಸಿಕ್ಕಿಸಿದ್ದ. ರಾಗಿ ಹಿಟ್ಟು, ಒಣಗಿಸಿ ಪುಡಿ ಮಾಡಿದ ನುಗ್ಗೆಸೊಪ್ಪು, ಬೆಳ್ಳುಳ್ಳಿ, ಹಳೇ ಬೆಲ್ಲ ಸೇರಿಸಿ ಕಟ್ಟಿದ ಆ ಉಂಡೆಗಳನ್ನು ಅತ್ತೆ ಆದಿಲಕ್ಷ್ಮಮ್ಮ ಬಸುರಿ ಮಗಳು ತ್ರಿವೇಣಿಯ ಮೈಗೆ ರಕ್ತ ಬರಲೆಂದು ಡಬ್ಬಿ ತುಂಬ ಮಾಡಿಟ್ಟಿದ್ದರು. ತ್ರಿವೇಣಿ ತಾಯಿಯ ಕಣ್ಣೆದುರು ಬಾಯಿಗಿಟ್ಟಂತೆ ಮಾಡಿ, ಸೆರಗಿನಲ್ಲಿ ಬಚ್ಚಿಟ್ಟು, ಸಮಯ ನೋಡಿ ಗಂಡನ ಜೇಬಿಗೆ ದಾಟಿಸುತ್ತಿದ್ದಳು. ಬೀದಿ ನಾಯಿಯೊಂದು ಅದನ್ನು ಮೂಸಿ ಹಿಂದೆ ಸರಿದದ್ದನ್ನು ನರೇಶ್ ಕಣ್ಣಾರೆ ಕಂಡಿದ್ದ. ನಾಯಿಗಿರುವಷ್ಟು ಬುದ್ಧಿ ಮೀನಿಗೂ ಇರುತ್ತದೆ ಎಂದು ಅವನು ನಂಬಿದ.

ಮೀನು ಹಿಡಿಯುವವನಿಗೆ ಮೀನು ಬೇಡವಾಗಲು ಕಾರಣವಿತ್ತು. ಹೆಂಡತಿ ಬಸುರಿಯಾಗಿರುವಾಗ ಗಂಡ ಕ್ಷೌರ ಮಾಡಿಸಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಯಾವ ಜೀವವನ್ನೂ ಕೊಲ್ಲಬಾರದು. ಆದಿಲಕ್ಷ್ಮಮ್ಮನ ಪಾಲಿಗೆ ಇವು ಸರ್ಕಾರದ ಕಾನೂನಿಗಿಂತ ಗಟ್ಟಿ. ಐದನೇ ತಿಂಗಳಿಗೇ ಮಗಳನ್ನು ಬೇತಮಂಗಲದ ಕಡೆಯ ತಮ್ಮ ಹಳ್ಳಿಗೆ ಕರೆದೊಯ್ಯಲು ಬಂದಿದ್ದ ಅವರ ಮುಂದೆ ನರೇಶ್ ಅಂಗಲಾಚಿ, ಒಂಬತ್ತನೇ ತಿಂಗಳವರೆಗೆ ಅವಳನ್ನು ಉಳಿಸಿಕೊಂಡಿದ್ದ. ಮದುವೆಯಾಗಿ ಒಂದೂವರೆ ವರ್ಷವಷ್ಟೇ ಆಗಿತ್ತು. ತ್ರಿವೇಣಿ ಇಲ್ಲದ ಮನೆಯನ್ನು ನೆನೆಸಿಕೊಂಡರೆ ಅವನಿಗೆ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ.

ಅತ್ತೆ ಒಪ್ಪಿದರು. ಆದರೆ ಅಳಿಯ ನೇಮ ತಪ್ಪಿದರೆ ಅದೇ ದಿನ ಮಗಳನ್ನು ಹೊರಡಿಸುವುದಾಗಿ ಹೇಳಿ, ನೇಮ ನಡೆಯುತ್ತದೋ ಇಲ್ಲವೋ ನೋಡಲು ಒಂದು ತಿಂಗಳು ಊರಿಗಾಂನಲ್ಲಿದ್ದ ಅವನ ಮನೆಯಲ್ಲೇ ಉಳಿದರು. ಚಿನ್ನದ ಗಣಿಯ ಕಾಲದಲ್ಲಿ ಕಂಪನಿ ಕಟ್ಟಿಸಿದ ಲೈನ್ ಮನೆ ಅದು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಜಗಲಿ. ಅತ್ತೆ ಅಳಿಯ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವುದರಲ್ಲೇ ತಿಂಗಳು ಕಳೆದಿತ್ತು. ಸೋಮವಾರ ಬೆಳಗಿನ ಬಸ್ಸಿಗೆ ಅವರು ಊರಿಗೆ ಹೊರಡುವವರಿದ್ದರು. ಇದೊಂದು ದಿನ ದಾಟಿದರೆ ನರೇಶ್ ಗೆದ್ದಂತೆಯೇ.

ಹಾಗಿದ್ದವನು ಕೆರೆಯ ಕಡೆ ತಲೆ ಹಾಕಿದ್ದೇಕೆ ಎಂದು ಕೇಳಬಹುದು. ಗಾಳ ಹಿಡಿದವರಿಗೆ ಮೀನಿನ ಚಟಕ್ಕಿಂತ ಮೀನಿನ ಮಾತಿನ ಚಟ ದೊಡ್ಡದು. ಬಂಗಾರಪೇಟೆ ರಸ್ತೆಯ ಆ ಕೆರೆಯ ಏರಿಯ ಮೇಲೆ ಪ್ರತಿ ಭಾನುವಾರ ಐದಾರು ಜನ ಸೇರುತ್ತಿದ್ದರು. ಅವರಿಗೆಲ್ಲ ಹಿರಿಯ ನರೇಶನ ಪಕ್ಕದ ಮನೆಯ ಕೋದಂಡಪ್ಪ. ಗಣಿ ಮುಚ್ಚಿದ ದಿನದಿಂದ ಗಾಳ ಹಿಡಿದ ಮನುಷ್ಯ. ಅವನು ಹಿಡಿದ ಮೀನುಗಳೆಲ್ಲ ತುಂಬ ದೊಡ್ಡವು, ಮತ್ತು ಎಲ್ಲವೂ ಅಕ್ಕಪಕ್ಕ ಯಾರೂ ಇಲ್ಲದಾಗ ಸಿಕ್ಕಿದವು. ಮನೆ ಮುಟ್ಟುವಷ್ಟರಲ್ಲಿ ಅವು ದಾರಿಯಲ್ಲಿ ಯಾರೋ ಬಡವರಿಗೆ ದಾನವಾಗಿಬಿಟ್ಟಿರುತ್ತಿದ್ದವು.

ನೀರಿನಲ್ಲಿ ಗಾಳ ಇಲ್ಲದವನು ಏರಿಯ ಮೇಲೆ ಬಾಯಿ ಬಿಡಬಾರದು ಎಂಬುದು ಕೋದಂಡಪ್ಪ ಮಾಡಿದ ಕಟ್ಟಳೆ. ಕಡ್ಲೆಕಾಯಿ ಹಿಂಡಿಗೆ ಇಂಗು ಬೆರೆಸಿದರೆ ಕಾಟ್ಲಾ ಮೀನು ಬರುತ್ತದೋ ಏಲಕ್ಕಿ ಬೆರೆಸಿದರೆ ಬರುತ್ತದೋ ಎಂದು ಜನ ಜಗಳಕ್ಕೆ ನಿಂತಿರುವಾಗ ಬಾಯಿ ಮುಚ್ಚಿಕೊಂಡು ಕೂರುವುದು ನರೇಶನಿಂದ ಆಗುವ ಕೆಲಸವಲ್ಲ. ಆದ್ದರಿಂದ ಅತ್ತೆಗೆ ಸುಮ್ಮನೆ ಮಾತಿಗೆ ಹೋಗಿ ಬರುತ್ತೇನೆಂದು ಹೇಳಿ ಬಂದು, ಮಾತಾಡುವ ಹಕ್ಕು ಬೇಕಲ್ಲ ಎಂದು ಗಾಳವನ್ನೂ, ಮೀನಿನ ಜೀವ ಉಳಿಯಲಿ ಎಂದು ಉಂಡೆಯನ್ನೂ ನೀರಿಗೆ ಬಿಟ್ಟು ಕೂತಿದ್ದ.

ಹತ್ತು ಗಂಟೆಯ ಸುಮಾರಿಗೆ ಅವನ ಗಾಳದ ದಾರಕ್ಕೆ ಕಟ್ಟಿದ ಬೆಂಡು ಮುಳುಗಿತು.

ನರೇಶ್ ನೋಡದವನಂತೆ ಮುಖ ತಿರುಗಿಸಿದ. ಗಾಳದ ಕಡ್ಡಿ ಕೈಯಿಂದ ಜಾರಿ ಹೋಗುವಷ್ಟು ಜೋರಾಗಿ ಜಗ್ಗಿತು. ಮನಸ್ಸು ಬಿಡು ಎಂದರೂ ಆರು ವರ್ಷ ಪಳಗಿದ ಕೈ ಕೇಳಬೇಕಲ್ಲ, ಅದರ ಪಾಡಿಗೆ ಅದು ಎಳೆಯಿತು. ಕಾಲು ಗಂಟೆ ಎಳೆದಾಟವಾದ ಮೇಲೆ ದಡದ ಹುಲ್ಲಿನ ಮೇಲೆ ಬಿದ್ದು ಒದ್ದಾಡುತ್ತಿದ್ದದ್ದು ಏಳು ಕೆಜಿಗೆ ಕಡಿಮೆಯಿಲ್ಲದ ಕಾಟ್ಲಾ. ಸುಳ್ಳು ಮೀನುಗಳ ಕತೆ ಹೇಳಿಕೊಂಡು ಕೂತಿದ್ದವರ ಮಧ್ಯೆ ನಿಜವಾದ ಮೀನು ಬಂದು ಬಿದ್ದಾಗ ಯಾರಿಗೂ ಮಾತು ಹೊರಡಲಿಲ್ಲ.

ಆ ಒಂದು ಗಳಿಗೆ ನರೇಶ್ ಎಲ್ಲವನ್ನೂ ಮರೆತ. ಮೀನನ್ನು ಎರಡೂ ಕೈಯಲ್ಲಿ ಎದೆಗೆ ಎತ್ತಿಕೊಂಡು, ಒಂದು ತಿಂಗಳ ಗಡ್ಡದ ನಡುವಿನಿಂದ ಹಲ್ಲೆಲ್ಲ ಕಾಣುವಂತೆ ನಕ್ಕ. ಅವನ ಜೀವನದಲ್ಲೇ ದೊಡ್ಡ ಮೀನು ಅದು. ವೈರಿಂಗ್ ಕೆಲಸದ ಮುನಿರಾಜ್ ಅದೇ ಗಳಿಗೆಯಲ್ಲಿ ಫೋನ್ ಎತ್ತಿ ಫೋಟೋ ತೆಗೆದ.

ಆಮೇಲೆ ಅತ್ತೆಯ ನೆನಪಾಯಿತು. ಮೀನನ್ನು ನೀರಿಗೆ ಬಿಟ್ಟುಬಿಡುತ್ತೇನೆ ಎಂದು ನರೇಶ್ ಹೊರಟಾಗ, ಸಿಕ್ಕಿದ ಚಿನ್ನವನ್ನು ವಾಪಸ್ ಗಣಿಗೆ ಸುರಿಯುತ್ತೇನೆ ಎಂದವನನ್ನು ನೋಡುವಂತೆ ಎಲ್ಲರೂ ಅವನನ್ನು ನೋಡಿದರು. ಇಬ್ಬರು ಅವನ ತೋಳು ಹಿಡಿದರು. ಕೋದಂಡಪ್ಪ ಮೀನನ್ನು ಕಿತ್ತುಕೊಂಡು ಒದ್ದೆ ಗೋಣಿಚೀಲಕ್ಕೆ ಹಾಕಿದ. ಈ ಗಲಾಟೆಯ ನಡುವೆ ಮುನಿರಾಜ್ ಫೋಟೋವನ್ನು ಆಗಲೇ ಗಾಳದವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾಗಿ ಹೇಳಿದ. ನರೇಶನ ಮುಖ ನೋಡಿ ತಕ್ಷಣ ಅಳಿಸಿದ್ದೂ ಆಯಿತು. ಆದರೆ ಕೋದಂಡಪ್ಪನ ಫೋನ್ ಭಾನುವಾರ ಮನೆಯಲ್ಲಿ, ಹೆಂಡತಿ ರಾಧಾಮಣಿಯ ಕೈಯಲ್ಲಿರುತ್ತದೆ, ಫೋಟೋ ಅಳಿಸುವ ಮೊದಲೇ ಅದರೊಳಗೆ ಇಳಿದಿರುತ್ತದೆ ಎಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.

ಹತ್ತು ನಿಮಿಷಕ್ಕೆ ತ್ರಿವೇಣಿಯ ಫೋನ್ ಬಂತು. ಅವಳು ಪಿಸುಮಾತಿನಲ್ಲಿ, “ರೀ, ರಾಧಾಮಣಕ್ಕ ಫೋಟೋ ತಂದು ಅಮ್ಮಂಗೆ ತೋರ್ಸವ್ಳೆ. ಅಮ್ಮ ನನ್ ಸೀರೆಗಳ್ನೆಲ್ಲ ಬ್ಯಾಗಿಗೆ ತುಂಬ್ತಾವ್ಳೆ. ಬೇಗ ಬನ್ನಿ” ಎಂದಳು.

ನರೇಶ್ ಏರಿಯ ಮೇಲೆ ಕುಸಿದು ಕೂತ. ಅವನಿಗೆ ಅಳು ಬರುವಂತಾಗಿತ್ತು. ಕೋದಂಡಪ್ಪ ಪಕ್ಕದಲ್ಲಿ ಕೂತು ಬೀಡಿ ಹಚ್ಚಿ, “ಲೇ ನರೇಶ, ಈ ಮೀನು ನಾನ್ ಇಡ್ದಿದ್ದು ಅಂತ ಯೋಳ್ಬುಡ್ಲಾ? ನಮ್ಮನ್ಯಾಗೆ ಬಸುರಿ ಯಾರೂ ಇಲ್ಲ” ಎಂದ. ಬೇರೆಯವರ ಕಷ್ಟಕ್ಕೆ ಇಷ್ಟು ಸಂತೋಷದಿಂದ ಹೆಗಲು ಕೊಟ್ಟವರು ಕಡಿಮೆ.

ಆದರೆ ಅವನದೂ ಒಂದು ಷರತ್ತಿತ್ತು. ಗಾಳಕ್ಕೆ ಏನು ಹಾಕಿದ್ದೆ ಎಂಬುದನ್ನು ನರೇಶ್ ಅವನೊಬ್ಬನ ಕಿವಿಯಲ್ಲಿ ಮಾತ್ರ ಹೇಳಬೇಕು. ನರೇಶ್ ಇಕ್ಕಟ್ಟಿಗೆ ಸಿಕ್ಕ. ಉಂಡೆಯ ವಿಷಯ ಅತ್ತೆಗೆ ತಿಳಿದರೆ ಅಳಿಯನ ತಪ್ಪಿನ ಜೊತೆಗೆ ಮಗಳ ತಪ್ಪೂ ಸೇರಿ, ಬೆಳಗಿನ ಬಸ್ಸಿಗೆ ಕಾಯದೆ ಆಟೋದಲ್ಲೇ ಕರೆದುಕೊಂಡು ಹೋಗುತ್ತಾರೆ. ಬೇರೆ ದಾರಿಯಿರಲಿಲ್ಲ. ಹೇಳಿದ. ಕೋದಂಡಪ್ಪ ನಗಲಿಲ್ಲ. ಕಣ್ಣು ಮುಚ್ಚಿ, ಗುರುವಿನಿಂದ ಉಪದೇಶ ಪಡೆದವನಂತೆ ತಲೆಯಾಡಿಸಿದ.

ಮುನಿರಾಜನ ಟಿವಿಎಸ್ ಗಾಡಿಯ ಮೇಲೆ ಮೂರು ಜನ ಮತ್ತು ಒಂದು ಮೀನು ಹೊರಟರು. ಮೀನಿಗೆ ಇನ್ನೂ ಉಸಿರಿದೆಯೋ ಎಂದು ನರೇಶ್ ಎರಡು ಸಲ ಕೇಳಿದ್ದಕ್ಕೆ ಕೋದಂಡಪ್ಪ ಸಿಟ್ಟಾಗಿ, ತನ್ನ ಮೀನಿನ ವಿಚಾರ ಇನ್ನೊಬ್ಬರಿಗೆ ಯಾಕೆ ಎಂದು ಗದರಿದ. ಆಗಲೇ ಅದು ಅವನದಾಗಿಬಿಟ್ಟಿತ್ತು.

ದಾರಿಯುದ್ದಕ್ಕೂ ಗಾಡಿ ನಿಂತು ನಿಂತು ಹೋಯಿತು. ಟೀ ಅಂಗಡಿಯ ಮುಂದೆ ಯಾರೋ ಚೀಲದಲ್ಲೇನು ಎಂದು ಕೇಳಿದರು. ಮೀನು ಅರ್ಧ ಗಂಟೆ ಎಳೆದಾಡಿಸಿತು, ಗಾಳಕ್ಕೆ ಕೋಳಿ ಕರುಳು ಹಾಕಿದ್ದೆ ಎಂದು ಕೋದಂಡಪ್ಪ ವಿವರಿಸಿದ. ರೈಲ್ವೆ ಗೇಟಿನಲ್ಲಿ ಅದು ಒಂದು ಗಂಟೆಯಾಯಿತು, ಕರುಳು ಹೋಗಿ ಹಿಂಡಿ ಬಂತು. ಊರಿಗಾಂ ಸ್ಟೇಷನ್ನಿನ ಹತ್ತಿರ ಬರುವ ಹೊತ್ತಿಗೆ ಅವನನ್ನು ಮೀನು ಎದೆಮಟ್ಟದ ನೀರಿಗೆ ಎಳೆದುಕೊಂಡು ಹೋಗಿತ್ತು. ಅಲ್ಲೊಬ್ಬ, ಎದೆಮಟ್ಟದ ನೀರಿಗೆ ಹೋದವನ ಪಂಚೆ ಇಷ್ಟು ಒಣಗಿರುವುದು ಹೇಗೆ ಎಂದು ಕೇಳಿಬಿಟ್ಟ. ಕೋದಂಡಪ್ಪ ಗಾಡಿ ನಿಲ್ಲಿಸಲು ಹೇಳಿ, ಲೈನಿನ ಮೂಲೆಯ ಬೀದಿ ನಲ್ಲಿಯ ಕೆಳಗೆ ಕೂತು ಎದೆಯವರೆಗೂ ನೆನೆದುಕೊಂಡ. ಕೊಡಪಾನ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರು ಬೈದ ಬೈಗುಳದಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಇದ್ದವು. ನರೇಶ್ ಒಂದೊಂದು ನಿಮಿಷಕ್ಕೂ ತ್ರಿವೇಣಿಯ ಒಂದೊಂದು ಸೀರೆ ಬ್ಯಾಗಿಗೆ ಇಳಿಯುವುದನ್ನು ಮನಸ್ಸಿನಲ್ಲೇ ನೋಡುತ್ತ ನಿಂತಿದ್ದ.

ಆದಿಲಕ್ಷ್ಮಮ್ಮ ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಎರಡು ಬ್ಯಾಗು. ಒಂದು ಅವರದು, ಇನ್ನೊಂದು ತ್ರಿವೇಣಿಯದು. ತ್ರಿವೇಣಿ ಬಾಗಿಲಿಗೆ ಒರಗಿ ನಿಂತಿದ್ದಳು, ಕಣ್ಣು ಕೆಂಪಾಗಿದ್ದವು. ರಾಧಾಮಣಿ ಸೊಂಟದ ಮೇಲೆ ಕೈಯಿಟ್ಟು, ಏನೋ ನಡೆಯುತ್ತದೆ ಎಂಬ ಆಸೆಯಲ್ಲಿ ನಿಂತಿದ್ದಳು.

“ಅಳಿಯಂದ್ರೆ, ಫೋಟೋದಾಗೆ ಮೀನು ನಿಮ್ ಕೈಯಾಗದೆ” ಎಂದರು ಅತ್ತೆ. ಅಷ್ಟೇ ಮಾತು.

ನರೇಶ್ ಬಾಯಿ ತೆರೆಯುವ ಮೊದಲೇ ನೀರು ತೊಟ್ಟಿಕ್ಕುತ್ತಿದ್ದ ಕೋದಂಡಪ್ಪ ಮುಂದೆ ಬಂದ. ಮೀನು ತನ್ನದೆಂದೂ, ಎಳೆದು ಎಳೆದು ಸೊಂಟ ಹಿಡಿದುಕೊಂಡಾಗ ಬರೀ ಫೋಟೋಗೆಂದು ಹುಡುಗನ ಕೈಗೆ ತಾನೇ ಕೊಟ್ಟೆನೆಂದೂ, ಪಾಪ ಅವನು ಮುಟ್ಟುವುದಿಲ್ಲ ಎಂದು ಎಷ್ಟು ಹಿಂದೆ ಸರಿದನೆಂದೂ ಹೇಳಿದ. ರಾಧಾಮಣಿ ನಂಬಲಿಲ್ಲ. ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ಮನೆಗೆ ಅಗ್ಗದ ಒಂದು ಜಿಲೇಬಿ ಮೀನನ್ನೂ ತಂದವನಲ್ಲ ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಆಗ ಕೋದಂಡಪ್ಪ ಚೀಲ ಬಿಚ್ಚಿದ. ಮೀನಿನ ಗಾತ್ರ ನೋಡಿ ಅಕ್ಕಪಕ್ಕದ ಹೆಂಗಸರು ಹತ್ತಿರ ಬಂದು ರಾಧಾಮಣಿಯ ಗಂಡನನ್ನು ಹೊಗಳತೊಡಗಿದ ಮೇಲೆ, ಅವಳೂ ಮೆಲ್ಲಗೆ ಕೈ ಸೊಂಟದಿಂದ ಇಳಿಸಿ ಸೆರಗು ಸರಿಮಾಡಿಕೊಂಡಳು. ಬಂದ ಮರ್ಯಾದೆಯನ್ನು ಯಾರಾದರೂ ಬೇಡ ಅನ್ನುತ್ತಾರೆಯೇ.

ಆದಿಲಕ್ಷ್ಮಮ್ಮ ಮಾತ್ರ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಮೀನಿನ ಬಾಯಿಯನ್ನು ಬೆರಳಿನಿಂದ ಅಗಲಿಸಿ ನೋಡುತ್ತ, “ಅಣ್ಣಾ, ಇಷ್ಟ್ ದೊಡ್ಡದು ಬರ್ಬೇಕಂದ್ರೆ ಗಾಳಕ್ಕೆ ಏನ್ ಆಕಿದ್ರಿ?” ಎಂದು ಕೇಳಿದರು.

ತ್ರಿವೇಣಿ ಗಂಡನ ಮುಖ ನೋಡಿದಳು, ನೋಡಿದ ಕೂಡಲೇ ಅವಳಿಗೆ ವಿಷಯ ಅರ್ಥವಾಗಿ ಅವಳ ಮುಖವೂ ಬಿಳಿಚಿತು. ಜಗತ್ತಿನಲ್ಲಿ ಯಾರು ಬೇಕಾದರೂ ನಿಜ ಹೇಳಲಿ, ಈ ಕೋದಂಡಪ್ಪನಿಗೆ ಮಾತ್ರ ಈಗ ನಿಜ ಹೇಳುವ ಬುದ್ಧಿ ಬಾರದಿರಲಿ ಎಂದು ನರೇಶ್ ಕಂಡ ದೇವರಿಗೆಲ್ಲ ಕೈ ಮುಗಿದ.

“ಎರೆಹುಳ” ಎಂದ ಕೋದಂಡಪ್ಪ. “ಬರೀ ಎರೆಹುಳ ಕಣಮ್ಮ. ಕೈಗುಣ ಇರ್ಬೇಕು ಅಷ್ಟೇಯ.”

ನರೇಶನ ಎದೆಯ ಮೇಲಿದ್ದ ಬಂಡೆ ಇಳಿಯಿತು. ತಾನು ಆರು ವರ್ಷದಿಂದ ಕೇಳಿದ ಮೀನಿನ ಸುಳ್ಳುಗಳಲ್ಲಿ ಇಷ್ಟು ಚೆನ್ನಾದದ್ದು ಇನ್ನೊಂದಿಲ್ಲ ಎನಿಸಿತು. ಅತ್ತೆ ಎದ್ದು ಒಳಗೆ ಹೋಗಿ, ಕೋದಂಡಪ್ಪನಿಗೆ ಕಾಫಿಯನ್ನೂ ತಟ್ಟೆಯಲ್ಲಿ ಎರಡು ನುಗ್ಗೆಸೊಪ್ಪಿನ ಉಂಡೆಯನ್ನೂ ತಂದಿಟ್ಟರು. ಉಂಡೆಯನ್ನು ಕಂಡು ಅವನ ಕಣ್ಣು ಅಗಲವಾದವು. ಎರಡನ್ನೂ ಭಕ್ತಿಯಿಂದ ಪಂಚೆಯ ಗಂಟಿಗೆ ಕಟ್ಟಿಕೊಂಡು, ಮೊಮ್ಮಕ್ಕಳಿಗೆ ಇನ್ನೂ ಒಂದಷ್ಟು ಇದ್ದರೆ ಕೊಡಿ ಎಂದು ಕೇಳಿದ. ತಮ್ಮ ಉಂಡೆಯನ್ನು ಹೀಗೆ ಬಾಯಿ ಬಿಟ್ಟು ಕೇಳಿದವರನ್ನು ಆದಿಲಕ್ಷ್ಮಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಡಬ್ಬಿಯನ್ನೇ ತಂದು ಬಗ್ಗಿಸಿದರು.

ಮಧ್ಯಾಹ್ನ ರಾಧಾಮಣಿ ಹುಣಸೆ ಹುಳಿ ಕಿವುಚಿ ಮಾಡಿದ ಮೀನಿನ ಸಾರು ಎರಡೂ ಮನೆಗೆ ಆಯಿತು. ಕೊಲ್ಲುವುದಕ್ಕೆ ನೇಮವಿತ್ತೇ ಹೊರತು ತಿನ್ನುವುದಕ್ಕಿರಲಿಲ್ಲ. ತ್ರಿವೇಣಿ ಬಹಳ ದಿನಗಳ ಮೇಲೆ ಬಾಯಿ ಚಪ್ಪರಿಸಿ ಎರಡು ಮುದ್ದೆ ಉಂಡಳು. ತಲೆಯ ತುಂಡು ಹಿಡಿದವನಿಗೆ ಸಲ್ಲಬೇಕೆಂದು ಕೋದಂಡಪ್ಪನ ತಟ್ಟೆಗೆ ಹೋಯಿತು. ನರೇಶ್ ಬಾಲದ ಮುಳ್ಳು ಬಿಡಿಸುತ್ತ, ತಾನೇ ಎಳೆದ ಮೀನು ಕೋದಂಡಪ್ಪನನ್ನು ಕೆರೆಯ ನಡುವಿಗೆ ಎಳೆದುಕೊಂಡು ಹೋದ ಕತೆಗೆ ಮಧ್ಯೆ ಮಧ್ಯೆ ಹೌದು ಹೌದು ಎಂದು ಸಾಕ್ಷಿ ಹೇಳಿದ. ಬೇಜಾರಾಯಿತು, ಆದರೆ ಹೆಚ್ಚಲ್ಲ. ತ್ರಿವೇಣಿ ಎದುರಿಗಿದ್ದಳು, ಇನ್ನೂ ಮೂರು ತಿಂಗಳು ಇರುತ್ತಾಳೆ. ಬೆಳಗಾದರೆ ಅತ್ತೆ ಬಸ್ಸು ಹತ್ತುತ್ತಾರೆ. ಮೀನು ಹೋದರೆ ಹೋಗಲಿ.

ಕೋದಂಡಪ್ಪ ದಂಪತಿ ಎದ್ದು ಹೋದ ಮೇಲೆ ಆದಿಲಕ್ಷ್ಮಮ್ಮ ಮಗಳ ಬ್ಯಾಗು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಬೀರುವಿಗೆ ಜೋಡಿಸಿದರು. ನರೇಶ್ ಆ ಒಂದೊಂದು ಸೀರೆಯನ್ನೂ ಕಣ್ತುಂಬ ನೋಡಿದ. ಆಮೇಲೆ ಅವರು ತಮ್ಮ ಬ್ಯಾಗನ್ನೂ ಬಿಚ್ಚತೊಡಗಿದರು. ತಮ್ಮ ಸೀರೆಗಳನ್ನೂ ಅದೇ ಬೀರುವಿನಲ್ಲಿ, ನರೇಶನ ಅಂಗಿಗಳನ್ನು ಮೂಲೆಗೆ ಒತ್ತರಿಸಿ ಇಟ್ಟರು.

“ನಾಳೆ ಬಸ್ಸಿಗೆ ಓಗ್ಬೇಕಲ್ಲ ಅತ್ತೆ” ಎಂದ ನರೇಶ್, ಮೆಲ್ಲಗೆ.

“ನಿಮ್ ಮ್ಯಾಲೆ ಅನುಮಾನ ಪಟ್ಟೆ, ತಪ್ಪಾಯ್ತು ಅಳಿಯಂದ್ರೆ” ಎಂದರು ಅತ್ತೆ. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ಕೆರೆ ತಾವ ಕುಂತ್ರೂ ಒಂದು ಮೀನ್ ಇಡೀದಂಗೆ ನೇಮ ಮಾಡೋ ಗಂಡನ್ನ ಬುಟ್ಟು ನನ್ ಮಗಳ್ನ ಯಾಕ್ ಕರ್ಕೊಂಡೋಗ್ಲಿ? ಎರಿಗೆ ಇಲ್ಲೇ ಆಗ್ಲಿ. ಕೂಸಿಗೆ ಅಲ್ಲು ಬರೋಗಂಟ ನಾನೂ ಇಲ್ಲೇ ಇರ್ತೀನಿ. ನಿಮ್ ಮಾವಂಗೆ ಫೋನ್ ಮಾಡಿವ್ನಿ. ನಾಳೆ ಟೆಂಪೋನಾಗೆ ನನ್ ಮಂಚ ಕಳಿಸ್ತಾರೆ.”

ನರೇಶ್ ಆ ಒಂದು ಕೋಣೆಯನ್ನು ಒಮ್ಮೆ ಗೋಡೆಯಿಂದ ಗೋಡೆಗೆ ನೋಡಿದ. ಮಂಚ ಎಲ್ಲಿ ಹಿಡಿಯುತ್ತದೆ ಎಂದು ಕೇಳಿದ.

ಅತ್ತೆ ಅದನ್ನಾಗಲೇ ಗೇಣು ಹಾಕಿ ಅಳೆದಿದ್ದರು. ತಾಯಿ ಮಗಳಿಗೆ ಕೋಣೆ ಸರಿಹೋಗುತ್ತದೆ, ಅಳಿಯಂದಿರಿಗೆ ಜಗಲಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದರು. ತ್ರಿವೇಣಿ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಅವಳು ಎಲ್ಲಿಗೂ ಹೋಗುವುದಿಲ್ಲವಲ್ಲ, ಅಷ್ಟು ಸಾಕು ಎಂದು ನರೇಶ್ ದೊಡ್ಡದೊಂದು ಉಸಿರು ಬಿಟ್ಟು, ಚಾಪೆ ಹಾಸಿದರೆ ಕಾಲು ಬೀದಿಗೆ ಬರುತ್ತದೋ ಇಲ್ಲವೋ ನೋಡಲು ಜಗಲಿಗೆ ಹೋದ.